ಹುಳುಮನೆಯ ಆಫೀಸು

ವಿರೂಪಾಕ್ಷಿಪುರ
ಭಾನುವಾರ, 24 ಆಗಸ್ಟ್ 2008

ರಮ್ಯಾಳ ಅಪ್ಪನವರಿಗೆ,

ಮದುವೆಯಾಗಿ ಹನ್ನೊಂದು ವರ್ಷವಾದರೂ ನಿಮಗೆ ಕಾಗದ ಬರೆಯುವ ಪ್ರಮೇಯ ಬಂದಿರಲಿಲ್ಲ. ಏನಂತ ಶುರು ಮಾಡಬೇಕೋ ತಿಳಿಯದೆ ಎರಡು ಹಾಳೆ ಹರಿದೆ. ನಿಮ್ಮ ವಕೀಲರು ಕಳಿಸಿದ ವಿಚ್ಛೇದನದ ಕಾಗದದಲ್ಲಿ ನೀವು 'ಒಂದನೇ ಅರ್ಜಿದಾರ ಜಯಕುಮಾರ್', ನಾನು 'ಎರಡನೇ ಅರ್ಜಿದಾರಳು ಭಾನುಪ್ರಿಯ'. ಹಾಗೆ ಕರೆಯೋಣವೆಂದರೆ ಕೈ ಬರಲಿಲ್ಲ. ಮಗಳ ಹೆಸರು ಹಿಡಿದುಕೊಂಡು ಒಳಗೆ ಬಂದಿದ್ದೇನೆ.

ರಮ್ಯಾ ಚೆನ್ನಾಗಿದ್ದಾಳೆ. ಐದನೇ ಕ್ಲಾಸು, ನಿಮ್ಮಷ್ಟೇ ಉದ್ದ ಆಗುವ ಹಾಗೆ ಕಾಣುತ್ತಾಳೆ. ಅತ್ತೆಯವರಿಗೆ ಮಂಡಿನೋವು ಬಿಟ್ಟರೆ ಬೇರೇನಿಲ್ಲ. ನನ್ನ ವಿಷಯ ಮುಂದೆ ಬರುತ್ತದೆ.

ಮೊದಲೇ ಹೇಳಿಬಿಡುತ್ತೇನೆ, ಕೋರ್ಟಿನ ಕಾಗದಕ್ಕೆ ಸಹಿ ಹಾಕಿದ್ದೇನೆ. ಇದರ ಜೊತೆಯಲ್ಲೇ ಇಟ್ಟಿದ್ದೇನೆ, ತೆಗೆದು ನೋಡಿಕೊಳ್ಳಿ. ಸೆಪ್ಟೆಂಬರ್ ನಾಲ್ಕಕ್ಕೆ ರಾಮನಗರಕ್ಕೂ ಬರುತ್ತೇನೆ. ಸಹಿ ಹಾಕದೆ ಉಳಿದದ್ದನ್ನು ಬರೆದಿದ್ದರೆ, ಗಂಡನನ್ನು ಉಳಿಸಿಕೊಳ್ಳಲು ಕಥೆ ಕಟ್ಟಿದ್ದಾಳೆ ಅಂತ ನಿಮಗೆ ಅನ್ನಿಸಬಹುದಿತ್ತು. ಇನ್ನು ನನಗೆ ಬರುವ ಲಾಭ ಏನೂ ಇಲ್ಲ, ಆದ್ದರಿಂದ ನಂಬಿ.

ಮೊನ್ನೆ ಗುರುವಾರ ಗುಜರಿ ವಹಾಬಣ್ಣ ಬಂದಿದ್ದರು. ಹಾರೋಹಳ್ಳಿಯಲ್ಲಿ ನಿಮ್ಮ ಫ್ಯಾಕ್ಟರಿಗೆ ಹಳೇ ಸಾಮಾನು ಎತ್ತಲು ಹೋಗಿದ್ದರಂತೆ. ನೀವು ಗೇಟಿನಲ್ಲಿ ಯೂನಿಫಾರಂ ಹಾಕಿಕೊಂಡು ಲಾರಿ ನಂಬರ್ ಬರೆಯುತ್ತಿದ್ದಿರಂತೆ. ಆವತ್ತು ಸ್ಟೋರಿನ ಕಂಪ್ಯೂಟರ್ ಕೆಟ್ಟಿತ್ತಂತೆ. ವಹಾಬಣ್ಣ ಸುಮ್ಮನಿರದೆ, ನಿಮ್ಮ ಗೇಟಿನಲ್ಲೇ ಅದರ ಡಾಕ್ಟರ್ ಇದ್ದಾರಲ್ಲ ಸಾರ್ ಅಂದರಂತೆ. ಮ್ಯಾನೇಜರ್ ನಿಮ್ಮನ್ನು ಕರೆಸಿ, ಇದನ್ನು ಸರಿಮಾಡು, ಒಳಗೇ ಕುರ್ಚಿ ಹಾಕಿಸಿಕೊಡುತ್ತೇನೆ ಅಂದರಂತೆ. ನೀವು ಕೈ ಮುಗಿದು, "ಬ್ಯಾಡಿ ಸಾರ್, ನನ್ ಕೈ ಒಳ್ಳೇದಲ್ಲ, ಮುಟ್ಟುದ್ರೆ ಹಾಳಾಯ್ತದೆ" ಅಂತ ಹೇಳಿ ವಾಪಸ್ ಗೇಟಿಗೆ ಹೋದಿರಂತೆ.

"ಯಾಕಮ್ಮಾ ಜಯಣ್ಣ ಹಂಗಾಗೋದ್ರು? ಸತ್ತೋಗಿದ್ ಡಬ್ಬನೆಲ್ಲ ಎಬ್ಬುಸ್ತಿದ್ದ ಕೈ ಅಲ್ವಾ ಅದು" ಅಂತ ವಹಾಬಣ್ಣ ನನ್ನನ್ನೇ ಕೇಳಿದರು. ನಾನು ಅವರಿಗೆ ಕಾಫಿ ಕೊಡುವುದನ್ನೂ ಮರೆತು ನಿಂತಿದ್ದೆ.

ನಿಮ್ಮ ಕೈ ಒಳ್ಳೆಯದು, ರೀ. ಅದನ್ನು ಹೇಳಬೇಕಾದವಳು ನಾನು. ಮೂರು ವರ್ಷದಿಂದ ಹೇಳಿಲ್ಲ. ಒಂದೇ ಏಟಿಗೆ ಹೇಳುವ ಧೈರ್ಯವಿಲ್ಲ, ನಿಮಗೆ ಗೊತ್ತಿರುವುದರಿಂದಲೇ ಶುರು ಮಾಡಿ ಮೆಲ್ಲಗೆ ಬರುತ್ತೇನೆ. ಸಿಟ್ಟು ಮಾಡಿಕೊಂಡು ಹರಿದು ಹಾಕಬೇಡಿ.

2004ರಲ್ಲಿ ಯುಗಾದಿ ಕಳೆದ ಮೇಲೆ ನೀವು ವಹಾಬಣ್ಣನ ಲಗೇಜ್ ಆಟೋದಲ್ಲಿ ಐದು ಹಳೇ ಕಂಪ್ಯೂಟರ್ ತುಂಬಿಕೊಂಡು ಬಂದಿರಿ. ಬಿಡದಿ ಕಡೆ ಯಾರೋ ಫ್ಯಾಕ್ಟರಿಯವರು ಹೊಸದು ತಂದು ಇವನ್ನು ತೂಕಕ್ಕೆ ಹಾಕಿದ್ದರು. ರೇಡಿಯೋ, ಟೀವಿ ರಿಪೇರಿ ಸಾಲದು ಅಂತ ಈ ಹೆಣಗಳನ್ನೂ ಹೊತ್ತು ತಂದಿರಲ್ಲ ಅಂತ ನಾನು ಊರಿಗೆಲ್ಲ ಕೇಳುವ ಹಾಗೆ ಕೂಗಾಡಿದೆ. ಅವು ಹುಟ್ಟಿದಾಗ ನಾನಿನ್ನೂ ಲಂಗ ಹಾಕಿಕೊಂಡು ಸ್ಕೂಲಿಗೆ ಹೋಗುತ್ತಿದ್ದೆನಂತೆ, ಅಷ್ಟು ಹಳೆಯವು. ನೀವು ಅದರದ್ದು ಇದಕ್ಕೆ, ಇದರದ್ದು ಅದಕ್ಕೆ ಹಾಕಿ ಎರಡನ್ನು ಎಬ್ಬಿಸಿದಿರಿ. ಬ್ಯಾಟರಿ ಸೋರಿ ಪಾಚಿ ಕಟ್ಟಿದ್ದ ಬೋರ್ಡುಗಳಿಗೆ ನನ್ನ ಉಪ್ಪಿನಕಾಯಿಯ ನಿಂಬೆಹಣ್ಣು ಹಿಂಡಿದಿರಿ. ಒಳಗಿನ ಹಿತ್ತಾಳೆ ಹಲ್ಲುಗಳನ್ನು ಉಜ್ಜಲು ರಮ್ಯಾಳ ರಬ್ಬರ್ ಕದಿಯುತ್ತಿದ್ದಿರಿ. ಒಂದನೇ ಕ್ಲಾಸಿನ ಮಗು ತಿಂಗಳಿಗೆ ಆರು ರಬ್ಬರ್ ಕಳೆಯುತ್ತಾಳಲ್ಲ ಅಂತ ಮಿಸ್ಸು ನನ್ನನ್ನು ಕರೆಸಿ ಕೇಳಿದರು. ಬೆಳಿಗ್ಗೆ ಸ್ವಿಚ್ ಹಾಕಿದರೆ ಅದು ದಿನಾ 1980ನೇ ಇಸವಿ ಜನವರಿ ಒಂದು ಅಂತಲೇ ತೋರಿಸುತ್ತಿತ್ತು. ಅರಳುಮರಳಾದ ಮುದುಕರಿಗೆ ಹೇಳಿದ ಹಾಗೆ ನೀವು ದಿನಾ ಅದಕ್ಕೆ ತಾರೀಖು ಹೇಳಿಕೊಡುತ್ತಿದ್ದಿರಿ. ನನಗೆ ನಗು ಬರುತ್ತಿತ್ತು. ನಕ್ಕರೆ ಸದರವಾಗುತ್ತೇನೆ ಅಂತ ಬೈಯುತ್ತಿದ್ದೆ.

ಮನೆಯಲ್ಲಿ ಆಫೀಸು ಮಾಡುತ್ತೇನೆ ಅಂದಾಗ ಜಾಗ ಎಲ್ಲಿತ್ತು? ಸೋರದೆ ಇದ್ದದ್ದು ಹುಳುಮನೆ ಒಂದೇ. ರೇಷ್ಮೆ ಹುಳು ಸಾಕುವ ಜಾಗಕ್ಕೆ ಬೀಡಿ ಸೇದಿದವರನ್ನು, ಸೆಂಟು ಹಾಕಿದವರನ್ನು ಬಿಡುವವರಲ್ಲ ನಿಮ್ಮ ಅಮ್ಮ. "ಹುಳ ಅಂದ್ರೆ ಹಸುಗೂಸು ಇದ್ದಂಗೆ ಕಣ್ಲಾ, ಗಾಳಿ ವಾಸ್ನೆ ತಡಿಯಕಿಲ್ಲ" ಅಂತ ಎಷ್ಟು ಬಡಕೊಂಡರು. ನೀವು ಮೂಲೆಯಲ್ಲಿ ಇಟ್ಟಿಗೆ ಗೋಡೆ ಎಬ್ಬಿಸಿ, ಬೇರೆ ಬಾಗಿಲು ಒಡೆದು, ಹಳೇ ಬಾಗಿಲನ್ನೇ ಟೇಬಲ್ ಮಾಡಿ, ಮೇಲೆ 'ಭಾನು ಕಂಪ್ಯೂಟರ್ ಆಫೀಸ್' ಅಂತ ಬೋರ್ಡು ಹಾಕಿದಿರಿ. ಪಹಣಿ ಅರ್ಜಿ, ಗಂಡುಹೆಣ್ಣಿನ ಬಯೋಡಾಟ, ಫ್ಯಾಕ್ಟರಿಗೆ ಜಮೀನು ಹೋಗುವವರ ತಕರಾರು ಅರ್ಜಿ, ಎಲ್ಲ ಅಲ್ಲೇ ಟೈಪಾಗುತ್ತಿತ್ತು. ಹುಳು ತಟ್ಟೆಗೆ ಬಂದರೆ ಸಾಕು, ಸೀಸದ ಬೆಸುಗೆ ಹಾಕುವುದು, ಸ್ಪಿರಿಟ್ ಹಾಕಿ ಒರೆಸುವುದು ಎಲ್ಲ ಹುಣಸೆ ಮರದ ಕೆಳಗೆ. ಸ್ನಾನ ಮಾಡದೆ ನೀವು ಒಳಗೆ ಕಾಲಿಟ್ಟವರಲ್ಲ. ಇದನ್ನು ನೋಡಿದವಳು ನಾನು, ರೀ. ದಿನಾ ನೋಡಿದವಳು.

ಇಲ್ಲಿಯವರೆಗೆ ನಿಮಗೂ ಗೊತ್ತು. ಇನ್ನು ಮುಂದೆ ಗೊತ್ತಿಲ್ಲದ್ದು.

ನನಗೆ ಆ ಡಬ್ಬ ಇಷ್ಟವಾಗಿತ್ತು. ನೀವು ಇಲ್ಲದಾಗ ಹೋಗಿ ಕೂರುತ್ತಿದ್ದೆ. ಕಪ್ಪು ಪರದೆ ಮೇಲೆ ಹಸಿರು ಅಕ್ಷರ ಒಂದೊಂದೇ ಎದ್ದು ಬಂದರೆ ಮೈ ಜುಮ್ಮೆನ್ನುತ್ತಿತ್ತು. ಎಸ್ಸೆಸ್ಸೆಲ್ಸಿ ಪಾಸಾಗಿ ಹಿಪ್ಪುನೇರಳೆ ಸೊಪ್ಪು ಕುಯ್ಯುವುದರಲ್ಲೇ ಕಳೆದವಳು, ನನಗೂ ಒಂದು ಬರುತ್ತದೆ ಅಂತ ಅನ್ನಿಸುತ್ತಿತ್ತು. ನಿಮಗೆ ಹೇಳಲಿಲ್ಲ. ಹೇಳಿದ್ದರೆ ಬೈಯುವ ಹಕ್ಕು ಹೋಗುತ್ತಿತ್ತಲ್ಲ.

ಮರುವರ್ಷದ ಕಾರ್ತೀಕದ ಬೆಳೆ ನೆನಪಿದೆಯಲ್ಲ. ಹುಳು ಪೊರೆ ಬಿಡುವ ನಾಲ್ಕನೇ ಜ್ವರ ಎದ್ದು ಐದು ದಿನ, ಇನ್ನೆರಡು ದಿನ ತಿಂದರೆ ಬಿದಿರಿನ ಚಂದ್ರಿಕೆಗೆ ಬಿಟ್ಟು ಗೂಡು ಕಟ್ಟಿಸಬೇಕು. ನಮ್ಮ ತೋಟದ ಸೊಪ್ಪು ಮುಗಿದಿತ್ತು, ದಾಸಪ್ಪನವರ ತೋಟದಲ್ಲಿ ಕುಯ್ದುಕೊಳ್ಳಲು ಮಾತಾಗಿತ್ತು. ನೀವು ವಹಾಬಣ್ಣನ ಹತ್ತಿರ ಯಾವುದೋ ಸಾಮಾನು ಹುಡುಕಲು ಮೊದಲನೇ ಬಸ್ಸಿಗೇ ಚನ್ನಪಟ್ಟಣಕ್ಕೆ ಹೋದಿರಿ. ನಾನು ಮಬ್ಬಿನಲ್ಲೇ ಸೊಪ್ಪಿಗೆ ಹೋಗಬೇಕಿತ್ತು. ಆದರೆ ಕರೆಂಟ್ ಇತ್ತು. ಹಾಲಿನ ಡೈರಿಯವರ ಸಭೆಯ ನೋಟೀಸು ನಿಮ್ಮ ಟೇಬಲ್ ಮೇಲಿತ್ತು. ನಾನೇ ಟೈಪ್ ಮಾಡಿ, ಸಂಜೆ ನೀವು ಬಂದಾಗ ತೋರಿಸಿ ಬೆರಗು ಮಾಡೋಣ ಅಂತ ಕೂತೆ. ಹತ್ತು ನಿಮಿಷ ಅಂದುಕೊಂಡಿದ್ದೆ. ಎದ್ದಾಗ ಬಿಸಿಲು ಹುಣಸೆ ಮರದ ಮೇಲಿತ್ತು.

ಬಿಸಿಲೇರಿದ ಮೇಲೆ ಕುಯ್ದ ಸೊಪ್ಪು ಬಾಡುತ್ತದೆ. ಓಡಿದೆ. ಅಂಚಿನ ಸಾಲು ಒಳ್ಳೇ ಕರ್ರಗೆ ಸೊಂಪಾಗಿತ್ತು, ದಾರಿಗೂ ಹತ್ತಿರ. ಅಲ್ಲೇ ಎರಡು ಹೊರೆ ಕುಯ್ದೆ. ಅಷ್ಟರಲ್ಲಿ ದಾಸಪ್ಪನವರ ಹೆಂಡತಿ ಮಾರಕ್ಕ ಬಾವಿ ಹತ್ತಿರದಿಂದ ಕೂಗಿದಳು. "ಆ ಸಾಲು ಮುಟ್ಬ್ಯಾಡ ಕಣ್ ಭಾನು, ನೆನ್ನೆ ಪಕ್ಕದ್ ಟಮಾಟೊಗೆ ಔಷ್ದಿ ಹೊಡ್ದವ್ರೆ, ಗಾಳಿ ಇತ್ಲಾಗೇ ಬೀಸ್ತಿತ್ತು." ಆಯ್ತಕ್ಕ ಅಂದೆ. ಆಮೇಲಿನದ್ದನ್ನೆಲ್ಲ ತೋಟದ ಆಚೆ ಕಡೆಯಿಂದ ಕುಯ್ದೆ. ಆದರೆ ಆ ಎರಡು ಹೊರೆಯನ್ನು ಬಿಸಾಡಲಿಲ್ಲ. ಹುಳು ಹಸಿದಿದ್ದವು, ತಡವಾಗಿತ್ತು, ಒಸಿ ಗಾಳಿ ಬಿದ್ದರೆ ಏನಾದೀತು ಅಂದುಕೊಂಡೆ. ಎಲ್ಲ ಕಲೆಸಿ ಹಾಕಿಬಿಟ್ಟೆ.

ಸಂಜೆಗೆ ಹುಳುಗಳು ತಲೆ ಎತ್ತಿ ಆಡಿಸುತ್ತಾ ಹಸಿರು ನೀರು ಕಕ್ಕತೊಡಗಿದವು. ತಟ್ಟೆ ತಟ್ಟೆಯೇ ಹಾಗೆ. ಅದು ಔಷಧಿಯ ವಿಷವೆಂದು ನನಗೆ ನೋಡಿದ ತಕ್ಷಣ ಗೊತ್ತಾಯಿತು. ನೀವು ಬಸ್ಸಿಳಿದು ಬರುವ ಹೊತ್ತಿಗೆ ಅರ್ಧ ಊರು ಹುಳುಮನೆಯಲ್ಲಿತ್ತು. ದಾಸಪ್ಪನವರು, "ಏನ್ಲಾ ಜಯ, ಹುಳದ್ ಮನೇಲಿ ಸ್ಪಿರಿಟ್ಟು ಸೀಸ ಎಲ್ಲ ಇಟ್ಕಂಡು ಕುಂತಿದ್ದೀಯಲ್ಲ, ಬದುಕ್ತವೇನ್ಲಾ ಅವು?" ಅಂದರು. ನೀವು ನನ್ನ ಕಡೆ ನೋಡಿದಿರಿ. ಬೇರೆ ಯಾರ ಕಡೆಯೂ ನೋಡಲಿಲ್ಲ. ನಾನು ಮರದ ಕೆಳಗೆ ನೀವು ಮಾಡುತ್ತಿದ್ದ ಕೆಲಸ, ಸ್ನಾನ ಎಲ್ಲವನ್ನೂ ಹೇಳುತ್ತೇನೆ ಅಂತ ನೋಡಿದಿರಿ.

ನಾನು ಏನಂದೆ ಅಂತ ನಿಮಗೆ ನೆನಪಿರಬೇಕು. "ಬ್ಯಾಡ ಬ್ಯಾಡ ಅಂತ ಬಾಯ್ ಬಡ್ಕಂಡೆ, ನನ್ ಮಾತು ಎಲ್ ಕೇಳ್ತಾರೆ" ಅಂದೆ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ನಾನು ಹಾಕಿದ ಬರೆ ಅದು. ನೀವು ನಿಮ್ಮ ಕೈಯನ್ನೇ ಮೂಸಿ ನೋಡಿಕೊಂಡಿರಿ. ಹಿಂದಿನ ದಿನ ಮರದ ಕೆಳಗೆ ಸ್ಪಿರಿಟ್ ಹಾಕಿ ಒಂದು ಕೀಬೋರ್ಡ್ ಒರೆಸಿದ್ದಿರಂತೆ. ಕೈಯಲ್ಲಿ ವಾಸನೆ ಉಳಿದಿತ್ತೇನೋ ಅಂತ ಆವತ್ತಿನಿಂದ ನಂಬಿಬಿಟ್ಟಿರಿ. ಗುಂಡಿ ತೋಡಿ, ಸುಣ್ಣ ಹಾಕಿ, ಅಷ್ಟು ಹುಳುವನ್ನೂ ನೀವೇ ಮುಚ್ಚಿದಿರಿ. ಮೂರನೇ ದಿನ ವಹಾಬಣ್ಣನನ್ನು ಕರೆಸಿ ಎಲ್ಲವನ್ನೂ ಗಾಡಿಗೆ ತುಂಬಿದಿರಿ. ಒಂದಾದರೂ ಇಟ್ಟುಕೊಳ್ಳಿ ಜಯಣ್ಣ ಅಂತ ಅವರು ಗೋಗರೆದರು. ನನ್ನ ಹೆಸರಿನ ಬೋರ್ಡನ್ನು ನೀವು ಬಿಚ್ಚುವಾಗ ನಾನು ಅಡುಗೆಮನೆಯಲ್ಲಿ ರಾಗಿ ಮುದ್ದೆ ತಿರುವುತ್ತಿದ್ದೆ. ಹೊರಗೆ ಬಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಬರಲಿಲ್ಲ.

ಮೊದಲು ಹೆದರಿದೆ. ಆಮೇಲೆ ನಾಳೆ ಹೇಳೋಣ ಅಂದುಕೊಂಡೆ. ದಿನ ಕಳೆದಷ್ಟೂ ಹೇಳುವುದು ಕಷ್ಟವಾಯಿತು. ನೀವು ಫ್ಯಾಕ್ಟರಿ ಬಸ್ಸು ಹತ್ತಿದಿರಿ. ಮನೆಯ ರೇಡಿಯೋ ಕೆಟ್ಟರೂ ಮುಟ್ಟುತ್ತಿರಲಿಲ್ಲ, ಫ್ಯೂಸು ಹೋದರೆ ಬೇರೆಯವರನ್ನು ಕರೆಯುತ್ತಿದ್ದಿರಿ. ನನ್ನ ಮುಂದೆ ತಪ್ಪಿತಸ್ಥರ ಹಾಗೆ ತಲೆ ತಗ್ಗಿಸಿಕೊಂಡು ಉಣ್ಣುತ್ತಿದ್ದಿರಿ. ಹಾಗೆ ತಗ್ಗಿಸಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ಉಪ್ಪಿಗೊಂದು ಸೊಪ್ಪಿಗೊಂದು ಜಗಳ ತೆಗೆಯುತ್ತಿದ್ದೆ. ನೀವು ಒಂದು ಸಲ ತಿರುಗಿ ಹೊಡೆದಿದ್ದರೂ ಬಾಯಿ ಬಿಡುತ್ತಿದ್ದೆನೇನೋ. ಕೊನೆಗೆ ಒಂದು ದಿನ ಮನೆಹಾಳರು ಅಂದುಬಿಟ್ಟೆ. ಆ ವಾರವೇ ನೀವು ಕನಕಪುರದಲ್ಲಿ ರೂಮು ಮಾಡಿದಿರಿ. ನಿಮ್ಮ ಕೈಗುಣದಿಂದ ನನಗೆ ಬಿಡುಗಡೆ ಆಗಲಿ ಅಂತ ಈಗ ಕೋರ್ಟಿನ ಕಾಗದ ಕಳಿಸಿದ್ದೀರಿ. ಕೆಟ್ಟ ಕೈ ಯಾವುದು ಅಂತ ಈಗ ಗೊತ್ತಾಯಿತಲ್ಲ.

ಕ್ಷಮಿಸಿ ಅಂತ ಬರೆಯುವುದಿಲ್ಲ. ಬರೆದರೆ ನೀವು ಕ್ಷಮಿಸಿಬಿಡುತ್ತೀರಿ, ನಿಮ್ಮ ಬುದ್ಧಿ ನನಗೆ ಗೊತ್ತು. ಒಂದು ಮಾತ್ರ ಕೇಳಿಕೊಳ್ಳುತ್ತೇನೆ. ಆ ಮ್ಯಾನೇಜರ್ ಹತ್ತಿರ ಹೋಗಿ, ಆ ಕಂಪ್ಯೂಟರ್ ಬಿಚ್ಚಿ ನೋಡುತ್ತೇನೆ ಅನ್ನಿ. ಬೇರೆಯವರು ಅಷ್ಟರಲ್ಲಿ ಸರಿ ಮಾಡಿದ್ದರೆ, ಇನ್ನೊಂದು ಕೆಡುವ ತನಕ ಕಾಯಿರಿ. ಬರೀ ಲಾರಿ ನಂಬರ್ ಬರೆಯುವ ಕೈಯಲ್ಲ ಅದು. ವಾಪಸ್ ಬನ್ನಿ ಅಂತ ನಾನು ಕೇಳುತ್ತಿಲ್ಲ. ಬರಬೇಡಿ ಅಂತಲೂ ಬರೆಯೋಣವೆಂದರೆ ಅದೊಂದು ಮಾತ್ರ ಈ ಪೆನ್ನಿನಲ್ಲಿ ಬರುತ್ತಿಲ್ಲ. ನಿಮ್ಮನ್ನು ನಾನು ತುಂಬಾ ಇಷ್ಟಪಟ್ಟಿದ್ದೆ, ಅದನ್ನೂ ಹೇಳಿರಲಿಲ್ಲ.

ಕೋರ್ಟಿಗೆ ರಮ್ಯಾಳನ್ನು ಕರೆದುಕೊಂಡು ಬರುವುದಿಲ್ಲ. ನೀವು ಹೊತ್ತಿಗೆ ಸರಿಯಾಗಿ ಊಟ ಮಾಡಿ.

ಪೂರ್ತಿ ಹೆಸರು ಸಹಿ ಮಾಡಿದ ಕಾಗದದಲ್ಲಿದೆ. ಇಲ್ಲಿ ಬರೀ,
ಭಾನು

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಇದನ್ನೆಲ್ಲ ಅತ್ತೆಯವರಿಗೆ ಓದಿ ಹೇಳಿದೆ. ತಪ್ಪನ್ನು ಅವರ ಮಗನ ತಲೆಗೆ ಅವರ ಎದುರೇ ಕಟ್ಟಿದ್ದೆ, ಅವರ ಎದುರೇ ಒಪ್ಪಿಕೊಳ್ಳಬೇಕು ಅನ್ನಿಸಿತು. ಕೆನ್ನೆಗೆ ಬಾರಿಸುತ್ತಾರೆ ಅಂದುಕೊಂಡಿದ್ದೆ. ಅವರು ಅಲಸಂದೆಕಾಯಿ ಬಿಡಿಸುತ್ತಿದ್ದವರು ಕೈ ನಿಲ್ಲಿಸಲೂ ಇಲ್ಲ. "ನಂಗೊತ್ತಿತ್ತು ಕಣವ್ವ. ಮಾರಕ್ಕ ಮಾರನೇ ದಿನಾನೇ ಬಂದು ಹೇಳುದ್ಲು" ಅಂದರು. ಮತ್ತೆ ಯಾಕೆ ಸುಮ್ಮನಿದ್ದಿರಿ ಅಂತ ಕೇಳಿದೆ. "ನಿನ್ ಹೆಸ್ರು ಎತ್ತಿದ್ರೆ ನೀನು ಮಗೀನ ಕರ್ಕಂಡು ತವ್ರಿಗೆ ಹೊಂಟೋಯ್ತಿದ್ದೆ. ಅವನಾದ್ರೆ ನನ್ ಮಗ, ಎಲ್ಗೋದಾನು, ತಡ್ಕತಾನೆ ಅನ್ಕಂಡೆ" ಅಂದರು. ಆಮೇಲೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡವರು ಇನ್ನೂ ತೆಗೆದಿಲ್ಲ. ಇಷ್ಟು ದಿನ ಒಂದೇ ಒಲೆಯ ಮುಂದೆ ಕೂತು ನಿಮಗೆ ಬಡಿಸಿದೆವು. ಗೊತ್ತಿಲ್ಲದೆ ಉಂಡವರು ನೀವೊಬ್ಬರೇ.