ಗೇಟಿಗೆ ಕಟ್ಟಿದ ಪದ್ಯ

ದಹಿಸರ್, ಮುಂಬೈ
9 ಜುಲೈ 2024

ಪ್ರೀತಿಯ ಆಪಾ, ನಿನ್ನ ತಮ್ಮನ ಸಲಾಂ.

ಸಿಂದಗಿಗೆ ಹೋದ ಮೇಲೆ ಮೊಣಕಾಲು ನೋವು ಹೇಗಿದೆ? ಎಣ್ಣೆ ತಿಕ್ಕಲು ಮಗಳಿಗೆ ಹೇಳು, ಸಂಕೋಚಪಡಬೇಡ. ಫೋನಿನಲ್ಲಿ ನೀನು ಏನೂ ಆಗಿಲ್ಲವೆಂಬಂತೆ ನಗುತ್ತೀಯ, ನಾನು ಮಳೆಯ ಸುದ್ದಿ ಹೇಳಿ ಇಟ್ಟುಬಿಡುತ್ತೇನೆ. ಅದಕ್ಕೇ ಈ ಕಾಗದ.

ಆ ದಿನ ಪ್ರಿನ್ಸಿಪಾಲರು ನನ್ನನ್ನು ಕರೆಸಿದ್ದು ಮಾಸ್ತರರಲ್ಲಿ ಕನ್ನಡ ಬಲ್ಲವನು ನಾನೊಬ್ಬನೇ ಎಂದು. ಕಾಲೇಜಿನ ಕಸ ಗುಡಿಸುವ ನೀವೆಲ್ಲ ವಾರಕ್ಕೊಂದು ರಜೆ ಕೇಳಿ ಗೇಟಿಗೆ ರಟ್ಟು ಕಟ್ಟಿದ್ದಿರಿ. ಅದರ ಮೇಲಿದ್ದದ್ದು ನನ್ನದೇ ಪದ್ಯ: 'ಬಾ ಗಾಳಿಯೇ, ಕೊಳೆತ ಗದ್ದುಗೆಗಳ ಗುಡಿಸು ಬಾ.' ಇಪ್ಪತ್ತೆರಡರ ವಯಸ್ಸಿನ ಹುಮ್ಮಸ್ಸಿನಲ್ಲಿ ಬರೆದು ನಿನಗೆ ಓದಿ ಹೇಳಿದ್ದೆ. ನೀನು ಬಾಯಿಪಾಠ ಮಾಡಿಟ್ಟುಕೊಂಡಿದ್ದೆ, ನಿನ್ನ ಜೊತೆಯ ಹಾಲವ್ವ ರಟ್ಟಿನ ಮೇಲೆ ಬರೆದಿದ್ದಳು. ಇದರರ್ಥವೇನು, ಬರೆದವರಾರು ಎಂದು ಪ್ರಿನ್ಸಿಪಾಲರು ಕೇಳಿದರು. ಮಳೆಗಾಲದ ವರ್ಣನೆ ಸರ್, ಯಾರದೋ ಗೊತ್ತಿಲ್ಲ ಎಂದೆ. ಗದ್ದುಗೆಯನ್ನು ಎಲೆ ಮಾಡಿ ಅನುವಾದಿಸಿದೆ. ಮಳೆಯೋ ಗಾಳಿಯೋ, ಬರೆದವರು ಇಲ್ಲಿರಕೂಡದು ಎಂದರು. ಬಾಗಿಲ ಬಳಿ ನಿಂತಿದ್ದ ನೀನು ನನ್ನ ಮುಖವನ್ನೊಮ್ಮೆ ನೋಡಿ, 'ಮೈನೇ ಲಿಖಾ, ಸಾಬ್', ಬರೆದವಳು ನಾನೇ ಎಂದುಬಿಟ್ಟೆ. ಸಹಿ ಹಾಕುವಷ್ಟೇ ಅಕ್ಷರ ಬಲ್ಲ ನೀನು. ಅಂದೇ ನಿನ್ನನ್ನು ತೆಗೆದುಹಾಕಿದರು, ನಾನು ಕೈಕಟ್ಟಿಕೊಂಡು ನಿಂತಿದ್ದೆ. 'ನೀ ಮಾಸ್ತರ ಆಗು, ಯಾರ ಮುಂದೂ ಕೈಕಟ್ಟಿ ನಿಂದರಬ್ಯಾಡ' ಎಂದು ಓದಿಸಿದವಳು ನೀನು.

ಮುಂದಿನ ತಾಸಿಗೆ ಹೋಗಿ ಏನು ಪಾಠ ಮಾಡಿದೆ ಗೊತ್ತೇ? ಫ್ರಾನ್ಸಿನ ಕ್ರಾಂತಿಯ ಸುದ್ದಿಗೆ ಕುಣಿದಾಡಿದ ಹಳೆಯ ಇಂಗ್ಲಿಷ್ ರೊಮ್ಯಾಂಟಿಕ್ ಕವಿಗಳನ್ನು. ಕೆಲವರು ಆಮೇಲೆ ಹೆದರಿ ಬೆಟ್ಟ ಕೆರೆಗಳ ವರ್ಣನೆಗೆ ಸರಿದುಕೊಂಡರೇ ಸರ್ ಎಂದು ಒಬ್ಬ ಹುಡುಗಿ ಕೇಳಿದಳು. ಅಷ್ಟು ಸರಳವಲ್ಲ ಎಂದೆ. ನನ್ನದು ಸರಳವೇ ಇತ್ತು ಆಪಾ, ಹೆದರಿದ್ದೆ. ಆರು ವರ್ಷ ಕಾರಿಡಾರಿನಲ್ಲಿ ಎದುರಾದಾಗಲೆಲ್ಲ ನೀನು ಪಕ್ಕಕ್ಕೆ ಸರಿದು 'ಸರ್' ಎನ್ನುತ್ತಿದ್ದೆ. ಇವಳು ನನ್ನ ಅಕ್ಕ ಎಂದು ಒಬ್ಬರಿಗೂ ಹೇಳಲಿಲ್ಲ. ನಾಚಿಕೆಗೇಡಿ ನಾನು.

ಅಬ್ಬಾಗೆ ಸಲಾಂ ಹೇಳು. ಮೊಣಕಾಲು ನೋವು ಹೋಗುವ ತನಕ ಕೆಲಸಕ್ಕೆ ಹೋಗಬೇಡ.

ನಿನ್ನೆದುರು ತಲೆಯೆತ್ತಲಾರದ ತಮ್ಮ,
ಅಕೀಲ

ತಾ.ಕ.: ಕೈನಾತ, ಇದನ್ನು ನಿನ್ನ ಅಮ್ಮಿಗೆ ಓದಿ ಹೇಳುತ್ತಿರುವವಳು ನೀನೇ ಎಂದು ಗೊತ್ತು. 'ಸಾಕ ಬಿಡ' ಎಂದು ಅವಳು ತಡೆದಿರುತ್ತಾಳೆ, ನೀನು ನಿಲ್ಲಿಸಬೇಡ. ಪದ್ಯ ನನ್ನದು, ಬುಷರಾ ನನ್ನ ಅಕ್ಕ, ಎರಡನ್ನೂ ಇಂದು ಬರೆದು ಪ್ರಿನ್ಸಿಪಾಲರಿಗೆ ಕೊಟ್ಟೆ. ಗದ್ದುಗೆಯನ್ನು ಗದ್ದುಗೆಯೆಂದೇ ಅನುವಾದಿಸಿದೆ. ನಾಳೆಯಿಂದ ನನಗೂ ಬರಬೇಡ ಎಂದಿದ್ದಾರೆ. ಈ ಕೊನೆಯ ಮಾತನ್ನು ಮಾತ್ರ ಗಟ್ಟಿಯಾಗಿ ಓದಬೇಡ.