ತಿರುವಿಗೆ ಒಂದು ಕಪ್ಪು

ಅಕ್ಕೋಳ
2 ನವೆಂಬರ್ 2011

ಪ್ರೀತಿಯ ಸುರಜ ದಾದಾ,

ನಿನ್ನೆ ಫೋನಿನಲ್ಲಿ ಮಾತಾಡಿದ ತಂಗಿ ಇವತ್ತು ಪೋಸ್ಟಿನಲ್ಲಿ ಯಾಕೆ ಬರೆದಳು ಎಂದು ನೀನು ನಗಬಹುದು. ಕನ್ನಡ ಎಂ.ಎ. ಮಾಡಿದ್ದು ಇವಳ ತಲೆಗೇರಿತು ಎಂದು ರೂಮಿನ ಗೆಳೆಯರ ಮುಂದೆ ಚೇಷ್ಟೆ ಮಾಡಬಹುದು. ನಮ್ಮ ಮನೆ ನಿನಗೆ ಗೊತ್ತೇ ಇದೆ. ಪಡಸಾಲೆಯಲ್ಲಿ ಆಡಿದ್ದು ಅಡುಗೆಮನೆಗೆ ಕೇಳುತ್ತದೆ, ಹಿತ್ತಲಿನಲ್ಲಿ ಆಡಿದ್ದು ಸೋನಾಬಾಯಿಯ ಮನೆಗೆ ಕೇಳುತ್ತದೆ. ಇದು ಅವ್ವನಿಗೆ ಕೇಳಬಾರದ ಮಾತು. ಆದ್ದರಿಂದ ಬರೆಯುತ್ತಿದ್ದೇನೆ. ಮಶೀನಿನ ಮುಂದೆ ನಿಂತು ಓದಬೇಡ. ಕೆಲಸ ಮುಗಿದ ಮೇಲೆ ಒಬ್ಬನೇ ಕೂತು ಓದು.

ಕಾರಖಾನೆಯ ಮಾಲೀಕರು ನಿನ್ನ ಚಾಪುಡಿ ಡಬ್ಬಿಯನ್ನು ಒಪ್ಪಿದರು, ಅಚ್ಚು ತೆಗೆಯುವ ಸಾಚಾ ಕಡೆಯಲು ಹೇಳಿದರು ಎಂದು ನೀನು ಸಂತೋಷದಿಂದ ಹೇಳಿದೆ. ಬರುವ ರವಿವಾರ ಫೋಟೋದವನನ್ನು ಕರೆದುಕೊಂಡು ಬರುತ್ತೇನೆ, ಅವ್ವ ಒಲೆಯ ಮುಂದೆ ನಿಂತು ಡಬ್ಬಿಯ ಗುಬ್ಬಿ ತಿರುವುವ ಫೋಟೋ ರಟ್ಟಿನ ಪೆಟ್ಟಿಗೆಯ ಮೇಲೆ ಬರುತ್ತದೆ ಎಂದೆ. ಅಪ್ಪ ಹೋದಮೇಲೆ ಅವ್ವ ಮಂಕಾಗಿದ್ದಾಳೆ, ಇದರಿಂದ ಅವಳಿಗೆ ಹುರುಪು ಬಂದೀತು ಎಂದೆ. ನಾನು ಎಲ್ಲದಕ್ಕೂ ಹೂಂ ಅಂದೆ. ನನ್ನ ಹೂಂ ನಿನಗೂ ಗೊತ್ತು. ಎದುರಿಗೆ ಯಾರು ಏನು ಹೇಳಿದರೂ ಅದೊಂದೇ ನನ್ನ ಬಾಯಿಗೆ ಬರುವುದು.

ದಾದಾ, ಫೋಟೋದವನನ್ನು ಕರೆತರಬೇಡ. ಆ ಡಬ್ಬಿಯನ್ನು ಇನ್ನೊಮ್ಮೆ ಅವ್ವನ ಕೈಗೆ ಕೊಡಬೇಡ.

ಡಬ್ಬಿ ಹೇಗೆ ಹುಟ್ಟಿತು ಎಂಬುದನ್ನು ನಿನಗೆ ನಾನು ಹೇಳಬೇಕಾಗಿಲ್ಲ. ಆದರೂ ನಾನು ಕಂಡಷ್ಟನ್ನು ಬರೆಯುತ್ತೇನೆ. ಹಾಗೆ ಮೊದಲಿನಿಂದ ಬಂದರೆ ಮಾತ್ರ ಮುಂದಿನದನ್ನು ಬರೆಯುವ ಧೈರ್ಯ ನನಗೆ ಬರುತ್ತದೆ.

ಸಕ್ಕರೆ ಬ್ಯಾನಿಯಿಂದ ಅವ್ವನ ಕಣ್ಣು ಪೂರ್ತಿ ಹೋದ ಮೇಲೂ ಅವಳು ಒಲೆ ಬಿಟ್ಟಿರಲಿಲ್ಲ. ಚಾಪುಡಿಯನ್ನು ಅಂಗೈಗೆ ಸುರಿದುಕೊಂಡು, ಬೊಟ್ಟಿನಿಂದ ತಿಕ್ಕಿ ಅಂದಾಜು ಮಾಡಿ ಕುದಿಯುವ ನೀರಿಗೆ ಉದುರಿಸುತ್ತಿದ್ದಳು. ಒಮ್ಮೆ ಉಗಿ ಹೊಡೆದು ಮುಂಗೈ ಸುಟ್ಟಿತು. ಇನ್ನೊಮ್ಮೆ ಅಂದಾಜು ತಪ್ಪಿ ಚಹಾ ಕಹಿಯಾಯಿತು. ಆ ದಿನ ಬೀಗರು ಬಂದಿದ್ದರು. ತುಳಸವ್ವಕ್ಕಾ, ಇದು ಚಾ ಅಲ್ಲ, ಜ್ವರಕ್ಕೆ ಕೊಡುವ ಕಷಾಯ ಎಂದು ಸೋನಾಬಾಯಿ ಎಲ್ಲರ ಮುಂದೆ ನಗೆಯಾಡಿದಳು. ಅವ್ವನೂ ನಕ್ಕಳು. ಮರುದಿನದಿಂದ ಸೊಸೆ ಕಾಂಚನ ವೈನಿಯೇ ಒಲೆ ಹಿಡಿದಳು. ಅವ್ವ ಗೋಡೆಗೆ ಒರಗಿ, ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿರುತ್ತಿದ್ದಳು. ಲಕ್ವಾ ಹೊಡೆದು ಕೈಕಾಲು, ಬಾಯಿ ಬಿದ್ದುಹೋಗಿದ್ದ ಅಪ್ಪ ಮಂಚದ ಮೇಲಿಂದ ಅವಳನ್ನೇ ನೋಡುತ್ತಿದ್ದ.

ನೀನು ಕಾರಖಾನೆಯಲ್ಲಿ ಉಳಿದ ನೈಲಾನ್ ತುಂಡು ಕಡೆದು ತಂದದ್ದು ಆಗ. ಮೇಲೆ ಡಬ್ಬಿ, ಕೆಳಗೆ ಸಣ್ಣ ಕೊರಳು, ನಡುವೆ ಬೆರಳಿನಿಂದ ತಿರುವುವ ಒಂದು ಗುಬ್ಬಿ, ಗುಬ್ಬಿಯಲ್ಲಿ ಒಂದು ಕಪ್ಪಿಗೆ ಬೇಕಾದಷ್ಟು ಪುಡಿ ಹಿಡಿಯುವ ಕುಳಿ. ಒಂದು ತಿರುವು ತಿರುವಿದರೆ ಟಕ್ ಎಂದು ಸದ್ದಾಗಿ ಕುಳಿ ಬರಿದಾಗುತ್ತಿತ್ತು. ಮೊದಲು ಮಾಡಿದ್ದರಲ್ಲಿ ಉಗಿ ಹೊಕ್ಕು ಪುಡಿ ಗಂಟು ಕಟ್ಟಿತೆಂದು ಕೊರಳು ಉದ್ದ ಮಾಡಿದೆ. ಪುಡಿ ಜಾಸ್ತಿ ಬಿತ್ತೆಂದು ಕುಳಿ ಸಣ್ಣದು ಮಾಡಿದೆ. ಕಡೆಗೆ ಸರಿಹೋದಾಗ, ಇನ್ನು ಪುಡಿಗೆ ಕೈ ಹಚ್ಚುವ ಕೆಲಸವೇ ಇಲ್ಲ ಎಂದು ಅವ್ವನಿಗೆ ಹೇಳಿದೆ. ಅವಳು ಗುಬ್ಬಿಯನ್ನು ತಿರುವುತ್ತ, ಆ ಸದ್ದು ಕೇಳುತ್ತ ಕೂತದ್ದು ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಆ ಸಂಜೆ ಓಣಿಯ ಎಲ್ಲರನ್ನೂ ಕರೆದು ಚಹಾ ಮಾಡಿಕೊಟ್ಟಳು.

ಅದರ ಹಿಂದೆಯೇ ನೀನು ಎರಡನೆಯ ಡಬ್ಬಿ ತಂದೆ. ಮಶೇರಿ ಕಡಿಮೆ ಮಾಡಲು ಡಾಕ್ಟರರು ಹೇಳಿದ್ದಾರೆ, ದಿನಕ್ಕೆ ಒಂದು ತಿರುವು ಸಾಕು ಎಂದು ಅವ್ವನಿಗೆ ತಾಕೀತು ಮಾಡಿದೆ. ಅವಳು ತಂಬಾಕನ್ನು ಹಂಚಿನ ಮೇಲೆ ಕರ್ರಗೆ ಹುರಿದು ಕುಟ್ಟಿ, ಬೆಳಿಗ್ಗೆ ಎದ್ದು ಹಲ್ಲಿಗೆ ತಿಕ್ಕುವುದು ನಮ್ಮಲ್ಲಿ ಯಾರಿಗೆ ಹೊಸದು? ನಮ್ಮ ಕಡೆ ಅದಿಲ್ಲದ ಮನೆ ಎಲ್ಲಿದೆ? ಎರಡೂ ಡಬ್ಬಿ ಒಂದೇ ಅಳತೆಯವು. ಮುಚ್ಚಳಕ್ಕೆ ಯಾವ ಬಣ್ಣ ಹಚ್ಚಲಿ ಎಂದು ನೀನು ಅವ್ವನನ್ನೇ ಕೇಳಿದೆ. ಚಹಾಕ್ಕೆ ಕೆಂಪು, ಮಶೇರಿಗೆ ಹಸಿರು ಎಂದು ಅವಳು ಹೇಳಿದಳು. ನೀನು ಹಾಗೆಯೇ ಹಚ್ಚಿದೆ. ನೀನು, ನಾನು, ವೈನಿ, ಮೂವರೂ ಅಲ್ಲೇ ಇದ್ದೆವು. ಕೇಳಿದವನಿಗೂ ಹೊಳೆಯಲಿಲ್ಲ, ಕೇಳಿಸಿಕೊಂಡವರಿಗೂ ಹೊಳೆಯಲಿಲ್ಲ. ಮಗ ಅಷ್ಟು ಹುರುಪಿನಿಂದ ಕೇಳುವಾಗ ಅವನ ಮನಸ್ಸು ಮುರಿಯಬಾರದೆಂದು ಅವ್ವ ಒಂದೊಂದು ಬಣ್ಣದ ಹೆಸರು ಹೇಳಿದ್ದಳು, ಅಷ್ಟೇ. ಅವಳ ಲೆಕ್ಕ ಬೇರೆಯೇ ಇತ್ತು. ಅಡುಗೆಮನೆಯ ಗೋಡೆಯ ಮಾಡದಲ್ಲಿ ಎಡಕ್ಕೆ ಇದ್ದದ್ದು ಚಹಾ, ಬಲಕ್ಕೆ ಇದ್ದದ್ದು ಮಶೇರಿ.

ನವರಾತ್ರಿಯ ಘಟ ಕೂರಿಸುವ ಮೊದಲು ಮನೆ ತೊಳೆಯುವ ದಿನ ಅದು. ವೈನಿ ತಾನು ದುಡಿಯುವ ತಂಬಾಕಿನ ವಖಾರಿಗೆ ರಜೆ ಹಾಕಿದ್ದಳು. ಭಾಂಡೆಗಳನ್ನೆಲ್ಲ ಅಂಗಳಕ್ಕೆ ತಂದು ತಿಕ್ಕಿದೆವು. ಮಾಡಕ್ಕೆ ಸುಣ್ಣ ಹಚ್ಚಿ, ಒಣಗಿದ ಮೇಲೆ ಎಲ್ಲವನ್ನೂ ಮತ್ತೆ ಜೋಡಿಸಿದೆವು. ಎರಡು ಡಬ್ಬಿಗಳನ್ನು ಯಾರು ಇಟ್ಟರು ಎಂದು ಕೇಳಬೇಡ. ವೈನಿಯೂ ಇಡುತ್ತಿದ್ದಳು, ನಾನೂ ಇಡುತ್ತಿದ್ದೆ. ಕಣ್ಣಿದ್ದವರಿಗೆ ಕೆಂಪು ಕೆಂಪೇ, ಹಸಿರು ಹಸಿರೇ. ಎಡ ಬಲ ನೋಡುವ ಕಾರಣವೇ ನಮಗಿರಲಿಲ್ಲ. ಆಮೇಲೆ ಹಾಸಿಗೆ ಕೌದಿಗಳನ್ನು ಹೊತ್ತುಕೊಂಡು ಇಬ್ಬರೂ ಹಳ್ಳಕ್ಕೆ ಹೋದೆವು.

ನಾನು ಮುಂದಾಗಿ ತಿರುಗಿ ಬಂದೆ. ಅವ್ವ ಬಾಗಿಲಲ್ಲೇ ಕೂತಿದ್ದಳು. ನಿಮ್ಮಪ್ಪನಿಗೆ ಚಹಾ ಮಾಡಿ ಕುಡಿಸಿದೆ, ಚಲೋ ಆಗ್ಲಿ ಅಂತ ಇನ್ನೊಂದು ತಿರುವು ಹೆಚ್ಚಿಗೆ ಹಾಕಿದೆ, ನಿನಗೂ ಒಂದು ಕಪ್ಪು ಮುಚ್ಚಿಟ್ಟಿದ್ದೇನೆ, ಕುಡಿ ಎಂದಳು. ತಾನು ಇನ್ನೂ ಕುಡಿದಿರಲಿಲ್ಲ. ನನ್ನ ಜೊತೆ ಕುಡಿಯಬೇಕೆಂದು ಕಾದಿದ್ದಳು. ನಾನು ಒಂದು ಗುಟುಕು ಬಾಯಿಗೆ ಹಾಕಿದೆ.

ಆ ರುಚಿಯನ್ನು ಬರೆಯಲಾರೆ. ಹಿತ್ತಲಿಗೆ ಓಡಿ ಉಗುಳಿದೆ. ಏನಾಯಿತೆಂದು ಅವ್ವ ಕೂಗಿದಳು. ಹಾಲು ಒಡೆದಿದೆ ಎಂದೆ. ಸೋಸಣಿಗೆಯಲ್ಲಿ ಉಳಿದ ಕರಿ ಗಸಿಯನ್ನು ಬೊಟ್ಟಿನಿಂದ ಮುಟ್ಟಿ ನೋಡಿದೆ. ಮಾಡದಲ್ಲಿ ಎಡಕ್ಕೆ ಹಸಿರು ಮುಚ್ಚಳ ಕಂಡಿತು. ವಾಸನೆಯಾದರೂ ತಿಳಿಯಬಾರದೇ ಎಂದು ನೀನು ಕೇಳಬಹುದು. ವೈನಿಯ ಸೀರೆ, ನಮ್ಮ ಹಾಸಿಗೆ, ಅವ್ವನ ಬಾಯಿ, ಮನೆಯ ಗೋಡೆ, ತಂಬಾಕು ನಾರದ್ದು ಯಾವುದಿದೆ ನಮ್ಮಲ್ಲಿ?

ಪಡಸಾಲೆಗೆ ಹೋದಾಗ ಅಪ್ಪನ ಮೈ ಬೆವರಿನಿಂದ ತೊಯ್ದಿತ್ತು. ದಿಂಬಿನ ಮೇಲೆ ವಾಂತಿಯಾಗಿತ್ತು. ಕಣ್ಣು ತೆರೆದೇ ಇದ್ದವು. ಸೋನಾಬಾಯಿಯ ಮಗ ಜೀಪು ತಂದ. ಜೀಪಿನಲ್ಲಿ ನಾನು ಅಪ್ಪನ ತಲೆ ಹಿಡಿದು ಕೂತೆ. ಡಾಕ್ಟರರಿಗೆ ಹೇಳಬೇಕಾದ ಮಾತನ್ನು, ಜನರ ಮುಂದೆ ಬಾಯಿ ಕಟ್ಟಬಾರದೆಂದು, ದಾರಿಯುದ್ದಕ್ಕೂ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ. ಹೇಳುವ ಪ್ರಸಂಗ ಬರಲಿಲ್ಲ. ನಿಪ್ಪಾಣಿ ಮುಟ್ಟುವ ಮೊದಲೇ ಅಪ್ಪ ಹೋದ. ಮತ್ತೊಮ್ಮೆ ಲಕ್ವಾ ಹೊಡೆಯಿತು ಎಂದು ಊರವರು ಅಂದರು. ನೀನು ಬಂದಾಗ ನಿನಗೂ ಹಾಗೆಯೇ ಹೇಳಿದರು. ಅಷ್ಟರಲ್ಲಿ ನಾನು ಡಬ್ಬಿಗಳನ್ನು ಮೊದಲಿನ ಜಾಗಕ್ಕೆ ಇಟ್ಟಿದ್ದೆ.

ಇದನ್ನು ನಿನಗೆ ಹೇಳದೆ ಹೂತುಬಿಡಬಹುದಿತ್ತು. ಆದರೆ ಮಣ್ಣು ಮುಗಿದ ಮೇಲೆ ಮಾತಾಡಿಸಲು ಬಂದ ಹೆಂಗಸರಿಗೆಲ್ಲ ಅವ್ವ ಒಂದೇ ಮಾತು ಹೇಳುತ್ತಿದ್ದಳು. ನಾನು ಬಾಗಿಲ ಮರೆಯಲ್ಲಿ ನಿಂತು ಅದನ್ನು ಕೇಳುತ್ತಿದ್ದೆ.

"ಕಡೀ ಚಾ ನನ್ನ ಕೈಲೇನ ಕುಡದ್ರವ್ವಾ. ಒಮ್ಮಿ ಮಾರಿ ತಿರಿವಿದ್ರು. ನಾ ಗದ್ದ ಹಿಡದು, ಯಾಕ್ರಿ ಸಿಟ್ಟು, ಕುಡೀರಿ, ಇವತ್ತ ನಾನ ಮಾಡೇನಿ ಅಂದೆ. ಹಂಗಂದಮ್ಯಾಲ ಸುಮ್ಮನ ಎಲ್ಲಾ ಕುಡದ್ರು."

ಬಂದವರು ಸೆರಗಿನಿಂದ ಕಣ್ಣೊರೆಸಿಕೊಂಡು, ನೀನು ಪುಣ್ಯವಂತಿ ಎನ್ನುತ್ತಿದ್ದರು. ದಾದಾ, ಅಪ್ಪನಿಗೆ ನಾಲಿಗೆ ಇರಲಿಲ್ಲ. ಇದ್ದದ್ದು ಮುಖ ತಿರುವುವಷ್ಟು ಶಕ್ತಿ. ಅದನ್ನು ಅವನು ಮಾಡಿದ. ಆಮೇಲೆ ಅವಳೇ ಮಾಡಿದ್ದೆಂದು ಕೇಳಿ ಕುಡಿದನೋ, ಬೇಡ ಎನ್ನಲು ಆಗದೆ ಕುಡಿದನೋ, ನನಗೆ ತಿಳಿಯದು. ಎಷ್ಟು ಪುಸ್ತಕ ಓದಿದರೂ ಇದು ತಿಳಿಯುವ ಬಗೆ ಕಾಣೆ.

ಈಗೀಗ ಅವಳು ಆ ಮಾತು ಹೇಳುವುದನ್ನು ಬಿಟ್ಟಿದ್ದಾಳೆ. ಮಶೇರಿಯನ್ನೂ ಬಿಟ್ಟಿದ್ದಾಳೆ. ದುಃಖ ಹಳೆಯದಾದಂತೆ ಮಾತು ಕಡಿಮೆಯಾಗುತ್ತದೆ ಎಂದು ನಾನು ಸಮಾಧಾನ ಮಾಡಿಕೊಂಡಿದ್ದೇನೆ. ರವಿವಾರ ನೀನು ಹೊಸ ಡಬ್ಬಿ ತಂದು, ಫೋಟೋದವನ ಮುಂದೆ ಒಂದಕ್ಕೆ ಚಹಾ, ಒಂದಕ್ಕೆ ಕಾಫಿ ಎಂದು ಎರಡನ್ನೂ ಅವಳ ಕೈಗೆ ಕೊಟ್ಟರೆ ಏನಾದೀತು? ಒಂದೇ ರೀತಿಯ ಎರಡು ಡಬ್ಬಿ ಕೈಯಲ್ಲಿ ಹಿಡಿದ ಗಳಿಗೆಯಲ್ಲಿ ಅವಳಿಗೆ ಎಲ್ಲವೂ ತಿಳಿದುಬಿಟ್ಟರೆ? ತನ್ನ ಕೈಯಿಂದಲೇ ಅಪ್ಪ ಹೋದನೆಂದು ತಿಳಿದು ಅವಳು ಉಳಿಯಲಾರಳು. ನನ್ನ ಹೆದರಿಕೆ ಇದೊಂದೇ. ಸಾಚಾ ಕಡೆಯುವುದು ಬಿಡುವುದು ನಿನಗೆ ಬಿಟ್ಟದ್ದು. ಎಂಥ ಡಬ್ಬಿ ಮಾಡಬೇಕೆಂದು ಹೇಳುವಷ್ಟು ನಾನು ತಿಳಿದವಳಲ್ಲ.

ವೈನಿಯನ್ನು ಏನೂ ಕೇಳಬೇಡ. ಅವಳಿಗೆ ಇದು ಗೊತ್ತಿಲ್ಲ. ಗೊತ್ತಾದರೆ ಆ ಮಾಡದ ಮುಂದೆ ನಿಂತು ಅವಳು ಹೇಗೆ ಅಡುಗೆ ಮಾಡಿಯಾಳು? ನೀನೂ ನಿನ್ನನ್ನು ಹಳಿದುಕೊಳ್ಳಬೇಡ. ಬಣ್ಣ ಯಾವುದು ಬೇಕೆಂದು ಕೇಳುವ ಮಗ ಎಲ್ಲರಿಗೂ ಇರುವುದಿಲ್ಲ. ಓದಿದ ಮೇಲೆ ಇದನ್ನು ಸುಟ್ಟುಹಾಕು. ರವಿವಾರ ಬರುವುದಾದರೆ ಒಬ್ಬನೇ ಬಾ, ಬರಿಗೈಯಲ್ಲಿ ಬಾ.

ನಿನ್ನ ತಂಗಿ,
ಭಾಗ್ಯಾ

ತಾ.ಕ.: ಪಾಕೀಟು ಅಂಟಿಸಿದ್ದೆ, ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಇಷ್ಟೊತ್ತು ಏನು ಬರೆಯುತ್ತಿದ್ದೆ ಎಂದು ಅವ್ವ ಕೇಳಿದಳು. ದಾದಾನಿಗೆ ಕಾಗದ ಎಂದೆ. ಫೋನ್ ಇದ್ದೂ ಕಾಗದ ಯಾಕೆ ಎಂದು ಅವಳು ಕೇಳಲಿಲ್ಲ. ನನ್ನದೂ ಒಂದು ಮಾತು ಬರಿ ಎಂದಳು. ಅವಳು ಹೇಳಿದ ಹಾಗೆಯೇ ಬರೆದಿದ್ದೇನೆ. ಮೇಲಿನದನ್ನು ಹರಿದುಹಾಕಲು ಕೈ ಬರಲಿಲ್ಲ.

"ಇನ್ನಮ್ಯಾಲ ಮಾಡೂ ಡಬ್ಬಿಗೆ ಬಾಯಿ ಅಗಲ ಇಡು ಅಂತ ಬರಿ, ಕೈಬಟ್ಟ ಹೋಗೂವಷ್ಟು. ಅವತ್ತ ಆ ಪುಡಿ ಒಂದ ಸಲ ನನ್ನ ಕೈಬಟ್ಟಿಗೆ ಹತ್ತಿದ್ರ ನಿಮ್ಮಪ್ಪಗ ಕುಡಸತಿರಲಿಲ್ಲ."