ನಿನ್ನಪ್ಪನ ಅಂಗಿ

ಸೋಗ್ನ್, ಆಲ್ವಿಕದ ಮನೆ
ಸಂತ ಓಲಾಫರ ಹಬ್ಬವಾಗಿ ಮೂರನೇ ದಿನ, ಮ್ಯಾಗ್ನುಸ್ ದೊರೆಯ ಹನ್ನೆರಡನೇ ವರ್ಷ

ಕಂದಾ ಹಾಲ್ವರ್ಡ್,

ಹೇಗಿದ್ದೀಯೋ? ಬ್ಯೋರ್ಗ್ವಿನ್ ಪೇಟೆಯ ಥಂಡಿಗೆ ಕೆಮ್ಮು ಮತ್ತೆ ಎದ್ದಿಲ್ಲ ತಾನೇ? ಇಲ್ಲಿ ಹುಲ್ಲು ಒಣಗಿಸಿ ಒಳಗೆ ಹಾಕಿದ್ದಾಯಿತು. ನಿನ್ನ ತಂಗಿ ಗುನ್ವೋರ್ ಬೆಣ್ಣೆ ಕಡೆಯೋದು ಕಲಿತಿದ್ದಾಳೆ, ಅರ್ಧ ಅವಳ ಹೊಟ್ಟೆಗೇ ಹೋಗುತ್ತೆ. ನಾನು ಹೇಳ್ತಿದ್ದೀನಿ, ಪಾದ್ರಿಗಳು ಬರೀತಿದ್ದಾರೆ. ಓದು ಬಲ್ಲವರ ಹತ್ತಿರ ಬೇಗ ಓದಿಸಿಕೋ.

ದಡಕ್ಕೆ ತೇಲಿಬಂದ ತಿಮಿಂಗಿಲ ಕುಯ್ಯುವಾಗ ಜಗಳವಾಗಿ, ಪಕ್ಕದ ಮನೆಯ ಕೆತಿಲ್ ನಿನ್ನಪ್ಪನನ್ನು ಕೊಂದು ಓಡಿಹೋದನಲ್ಲ, ಆಗ ಸೇಡು ತೀರಿಸು ಅಂತ ಅವರ ರಕ್ತದ ಅಂಗಿಯನ್ನು ನಿನಗೆ ಕಳಿಸಿದವಳು ನಾನೇ. ನಮ್ಮ ಹೆಂಗಸರು ಹಿಂದಿನಿಂದ ಮಾಡಿಕೊಂಡು ಬಂದದ್ದೇ ಅದು. "ಕೆತಿಲ್ ಸಿಗದಿದ್ರೆ ಅವನ ತಮ್ಮ ಐವಿಂಡ್ ಇದ್ದಾನಲ್ಲ. ಕೈಲಾಗದಿದ್ರೆ ಹೇಳು, ಕದಿರು ಕಳಿಸ್ತೀನಿ, ನೂಲ್ತಾ ಕೂತ್ಕೋ" ಅಂದಿದ್ದೆ. ಆಗಲೇ ನನ್ನ ನಾಲಿಗೆ ಸೇದಿಹೋಗಿದ್ದರೆ ಚೆನ್ನಾಗಿತ್ತು. "ಐವಿಂಡ್ ಒಣಮೀನು ಮಾರೋಕೆ ಬರಲಿ, ದಡದಲ್ಲೇ ಮುಗಿಸ್ತೀನಿ" ಅಂತ ನೀನು ಹೇಳಿ ಕಳಿಸಿದೆ.

ಈ ಬೇಸಿಗೆ ಗುಲಾದ ನಾಡಸಭೆಯಲ್ಲಿ ದೊರೆಯ ಹೊಸ ಕಾನೂನು ಓದಿದರಂತೆ. ನಿನ್ನ ಸೋದರಮಾವ ಕೇಳಿಕೊಂಡು ಬಂದ. ಕೊಂದವನೊಬ್ಬನೇ ಹೊಣೆ. ಅಣ್ಣನ ತಪ್ಪಿಗೆ ತಮ್ಮನನ್ನು ಕೊಂದವನಿಗೆ ಹೊಲಮನೆ ಹೋಗುತ್ತೆ, ನಾಡಿನ ಕಾವಲೂ ಹೋಗುತ್ತೆ, ಅವನನ್ನು ಯಾರು ಕೊಂದರೂ ಕೇಳುವವರಿಲ್ಲ. ಗಂಡನ ಜೊತೆ ಮಗನನ್ನೂ ನಾನೇ ಮಣ್ಣಿಗೆ ಹಾಕ್ತಿದ್ದೀನಲ್ಲಪ್ಪಾ.

ನಿನ್ನ ಕಡೆಗೆ ಹೊರಟಿರೋದು ಐವಿಂಡನ ದೋಣಿಯೊಂದೇ. ನಾಚಿಕೆ ಬಿಟ್ಟು ಅವನ ಅಂಗಳಕ್ಕೆ ಹೋಗಿ ಎಲ್ಲಾ ಹೇಳಿದೆ, ಹೋಗಬೇಡ ಅಂತ ಕಾಲು ಹಿಡಿದೆ. "ಹೋಗದಿದ್ರೆ ಚಳಿಗಾಲಕ್ಕೆ ಮಕ್ಕಳಿಗೆ ಹಿಟ್ಟೆಲ್ಲಿಂದ ತರಲಿ, ಚಿಕ್ಕಮ್ಮ? ಕಾಗದ ಕೊಡಿ, ನಾನೇ ಒಯ್ತೀನಿ" ಅಂದ. ಕೊಡಲಿ ಎತ್ತುವ ಮೊದಲು ಅವನ ಕೈಯಲ್ಲಿರೋದನ್ನ ನೋಡು ಅಂತ ಇಲ್ಲಿಂದ ಕೂಗಿದರೆ ನಿನಗೆ ಕೇಳುತ್ತದೆಯೇ? ನೀನು ಇದನ್ನು ಓದಿಸಿಕೊಳ್ಳುತ್ತಿದ್ದರೆ ಅವನು ಬದುಕಿದ್ದಾನೆ, ನೀನೂ ಉಳಿದಿದ್ದೀಯ.

ತಾಯಿ ಮರಿಯಾ ನಿನ್ನ ಕೈಯನ್ನು ಹಿಡಿದು ನಿಲ್ಲಿಸಲಿ.

ನಿನ್ನ ಅಮ್ಮ,
ಇಂಗೆರಿಡ್

ಇನ್ನೊಂದು ಮಾತು: ಕಾಗದಕ್ಕೆ ಕಟ್ಟಿರುವ ಈ ಕೋಲಿನ ಮೇಲೆ ನಾನೇ ಚಾಕುವಿನಿಂದ ನಮ್ಮ ಹಳೇ ಗೀಟಕ್ಷರದಲ್ಲಿ ಕೊರೆದಿದ್ದೀನಿ, ಪಾದ್ರಿಗಳಿಗೆ ಗೊತ್ತಿಲ್ಲ. ಈ ಅಕ್ಷರ ನಿನಗೆ ನಾನೇ ಕಲಿಸಿದ್ದಲ್ಲ, ನೀನೊಬ್ಬನೇ ಓದಿಕೋ. ಆವತ್ತು ತಿಮಿಂಗಿಲದ ಹತ್ತಿರ ನಾನಿದ್ದೆ. ಮೊದಲು ಚಾಕು ಎತ್ತಿದ್ದು ನಿನ್ನಪ್ಪ. ಐವಿಂಡನೂ ನೋಡಿದ್ದ. ಸತ್ತವನ ಹೆಸರು ಕೆಡಬಾರದು ಅಂತ ಅವನು ಇವತ್ತಿನವರೆಗೂ ಬಾಯಿ ಬಿಟ್ಟಿಲ್ಲ. ಅವನಿಗೆ ಊಟ ಹಾಕು.